ಓದುಗರೊಡನೆ: ದೀಪಾವಳಿಯ ಕಚೇರಿ, ಬೇಸಿಗೆಯ ಬೇಳೆ

ಈ ಸಲ ಬಂದ ಪತ್ರಗಳಲ್ಲಿ ಏಳು ಒಂದೇ ವಿಷಯಕ್ಕೆ ಸಂಬಂಧಿಸಿದವು: ಹಬ್ಬದ ದಿನಗಳಲ್ಲಿ ಸಂಗೀತ ಕಾರ್ಯಕ್ರಮ ಏರ್ಪಡಿಸಿ, ಬಂದ ಹಣವನ್ನೂ ಕಾಳುಕಡಿಯನ್ನೂ ಊರಿನ ಅನ್ನಭಂಡಾರಕ್ಕೆ ಒಪ್ಪಿಸುವುದು. ಧಾರವಾಡದ ನಮ್ಮ ಓಣಿಯ ಭಜನಾ ಮಂಡಳಿ 18 ವರ್ಷಗಳಿಂದ ಇಂಥದೊಂದು ಸಣ್ಣ ಭಂಡಾರವನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಕಂಡದ್ದನ್ನೂ ತಪ್ಪಿ ಕಲಿತದ್ದನ್ನೂ ಆಧರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಹನ್ನೆರಡು ಮಂದಿ ಹೆಣ್ಣುಮಕ್ಕಳು ಸುಗಮ ಸಂಗೀತ ಕಲಿತಿದ್ದೇವೆ. ದೀಪಾವಳಿ ಪಾಡ್ಯದ ಮರುದಿನ ಕಾರ್ಯಕ್ರಮ ಮಾಡಿ, ಟಿಕೆಟಿನ ಬದಲು ಒಂದೊಂದು ಕಿಲೋ ಧಾನ್ಯ ತರಲು ಹೇಳಬೇಕೆಂದಿದ್ದೇವೆ. ಅಮೆರಿಕದಲ್ಲಿರುವ ಮಗಳು, ಅಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹೀಗೆಯೇ ಮಾಡುತ್ತಾರೆ ಎಂದಳು. ಮನೆಯ ಹಿರಿಯರು ಮಾತ್ರ ಇದು ನಮ್ಮ ಪದ್ಧತಿಯಲ್ಲ, ಹಾಡನ್ನು ತಕ್ಕಡಿಗೆ ಹಾಕಿದಂತಾಗುತ್ತದೆ ಎನ್ನುತ್ತಾರೆ. (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಹಿರಿಯರ ಅಂಜಿಕೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಆದರೆ ಹಾಡಿನಿಂದ ಹಸಿದವರಿಗೆ ಊಟ ಹುಟ್ಟಿಸುವುದು ಹೊರಗಿನ ಪದ್ಧತಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಮ್ಮಲ್ಲಿಂದ ಒಂದೂವರೆ ತಾಸಿನ ದಾರಿಯಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತಿ ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಆ ನೊಗವನ್ನು ಹೆಗಲಿಗೇರಿಸಿಕೊಂಡು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಎಳೆದರು. ಆಶ್ರಮದ ಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಅದರ ಖರ್ಚಿಗೆ ಭಕ್ತರ ಕಾಣಿಕೆಯ ಜೊತೆಗೆ ಆಶ್ರಮದ ನಾಟಕ ಸಂಘದ ಗಳಿಕೆಯೂ ಪುಟ್ಟರಾಜರ ತುಲಾಭಾರಗಳೂ ಒದಗಿದವು. ಹಾಡನ್ನು ತಕ್ಕಡಿಗೆ ಹಾಕಬಾರದೆಂದು ಹಿರಿಯರು ಹೇಳುತ್ತಾರಲ್ಲ, ಅಲ್ಲಿ ಹಾಡುವವರೇ ತಕ್ಕಡಿಯಲ್ಲಿ ಕುಳಿತರು, ಮಕ್ಕಳ ಅನ್ನಕ್ಕಾಗಿ. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಈ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿದ್ದಾರೆ. ಅನ್ನಕ್ಕಾಗಿ ಜೋಳಿಗೆ ಹಿಡಿಯುವುದನ್ನು ನಮ್ಮ ಜನ ಎಂದೂ ಕೀಳೆಂದು ಕಂಡಿಲ್ಲ.

ತಮ್ಮ ಮಗಳು ಹೇಳಿದ್ದೂ ನಿಜ. ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಎಂಬವರು 1967ರಲ್ಲಿ ಅಲ್ಲಿಯ ಮೊದಲ ಫುಡ್ ಬ್ಯಾಂಕ್ ತೆರೆದರು. ಅಂಗಡಿಯ ಕಸದ ಡಬ್ಬಿಯಲ್ಲಿ ಮಕ್ಕಳಿಗಾಗಿ ತಿನಿಸು ಹುಡುಕುತ್ತಿದ್ದ ತಾಯಿಯೊಬ್ಬಳು, ಹಣ ಇಟ್ಟು ತೆಗೆಯಲು ಬ್ಯಾಂಕ್ ಇರುವಂತೆ ಆಹಾರಕ್ಕೂ ಒಂದು ಜಾಗ ಇರಬೇಕಿತ್ತು ಎಂದು ಅವರಿಗೆ ಹೇಳಿದಳೆಂಬ ಕಥೆ ಪ್ರಸಿದ್ಧವಾಗಿದೆ. ನವೆಂಬರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ಅಲ್ಲಿಯ ಗಾಯನ ವೃಂದಗಳು ಕಾರ್ಯಕ್ರಮ ಮಾಡಿ, ಬಾಗಿಲಲ್ಲಿ ಡಬ್ಬಿಯ ಆಹಾರ ಪದಾರ್ಥಗಳನ್ನು ಸ್ವೀಕರಿಸುವುದು ರೂಢಿ. ಸಹಾಯಾರ್ಥ ಕಚೇರಿಯ ಕಲ್ಪನೆ ಯುರೋಪಿನಲ್ಲಿ ಇದಕ್ಕಿಂತ ಬಹಳ ಹಳೆಯದು: 1742ರ ಏಪ್ರಿಲ್ 13ರಂದು ಡಬ್ಲಿನ್ ನಗರದಲ್ಲಿ ಸಂಗೀತಕಾರ ಹ್ಯಾಂಡೆಲ್ ನಡೆಸಿದ ವೃಂದಗಾನದಿಂದ ಎರಡು ಆಸ್ಪತ್ರೆಗಳಿಗೆ ನೆರವು ದೊರೆತು, ಸಾಲ ತೀರಿಸಲಾಗದೆ ಸೆರೆಯಲ್ಲಿದ್ದ 142 ಮಂದಿಯ ಬಿಡುಗಡೆಯಾಯಿತು. ಹೆಚ್ಚು ಜನ ಹಿಡಿಸಲೆಂದು, ಹೆಂಗಸರು ಅಗಲವಾದ ಬಳೆ ಕಟ್ಟಿದ ಲಂಗ ಉಡದೆ, ಗಂಡಸರು ಕತ್ತಿ ಕಟ್ಟದೆ ಬರಬೇಕೆಂದು ಅಂದು ಮೊದಲೇ ಪ್ರಕಟಿಸಿದ್ದರು.

ತಮ್ಮ ಯೋಜನೆಯಲ್ಲಿ ನಾನು ತಿದ್ದಬಯಸುವುದು ಒಂದನ್ನೇ. ಆಮಂತ್ರಣದಲ್ಲಿ ಧಾನ್ಯ ತನ್ನಿರಿ ಎಂದಷ್ಟೇ ಬರೆದರೆ ಹೆಚ್ಚಿನವರು ಅಕ್ಕಿ ತರುತ್ತಾರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಆಹಾರಧಾನ್ಯದ ಹಕ್ಕಿದೆ; ಆ ಕಾಯ್ದೆಯ ಹಕ್ಕಿನಲ್ಲಿ ಬೇಳೆಯೂ ಇಲ್ಲ, ಎಣ್ಣೆಯೂ ಇಲ್ಲ. ನಮ್ಮ ಭಂಡಾರಕ್ಕೆ ಬರುವ ಹೆಣ್ಣುಮಕ್ಕಳು ಮೊದಲು ಕೇಳುವುದು ತೊಗರಿಬೇಳೆಯನ್ನು, ಆಮೇಲೆ ಎಣ್ಣೆಯನ್ನು, ಸಂಕೋಚಪಡುತ್ತ ಕೊನೆಗೆ ಬೆಲ್ಲವನ್ನು. ಆದ್ದರಿಂದ "ಅರ್ಧ ಕಿಲೋ ತೊಗರಿಬೇಳೆ ಅಥವಾ ಸೀಲು ಒಡೆಯದ ಅರ್ಧ ಲೀಟರ್ ಎಣ್ಣೆ" ಎಂದು ಸ್ಪಷ್ಟವಾಗಿ ಅಚ್ಚು ಹಾಕಿಸಿರಿ. ರೇಶನ್ ಕಾರ್ಡ್ ಇನ್ನೂ ಆಗದವರಿಗೂ ದುಡಿಯಲು ಬೇರೆ ಜಿಲ್ಲೆಗಳಿಂದ ಬಂದವರಿಗೂ ಬೇಕಾಗುವ ಅಕ್ಕಿ-ಜೋಳವನ್ನು ನಗದಿನಿಂದ ಕೊಂಡರಾಯಿತು.

ಪ್ರಶ್ನೆ: ಕಳೆದ ದೀಪಾವಳಿಗೆ ಜನಪದ ಗಾಯಕರ ಕಾರ್ಯಕ್ರಮದಿಂದ ನಮ್ಮ ಸಂಘಕ್ಕೆ 6 ಕ್ವಿಂಟಲ್ ಅಕ್ಕಿ, 1 ಕ್ವಿಂಟಲ್ ಜೋಳದ ಹಿಟ್ಟು ಬಂದಿತ್ತು. ಹಬ್ಬದ ವಾರ ಹಂಚಿ ಉಳಿದದ್ದನ್ನು ಗುಡಿಯ ಕೋಣೆಯಲ್ಲಿಟ್ಟೆವು. ಯುಗಾದಿಗೆ ತೆಗೆದು ನೋಡಿದರೆ ಅಕ್ಕಿಗೆ ನುಸಿ ಬಿದ್ದಿತ್ತು, ಹಿಟ್ಟು ಕಹಿಯಾಗಿತ್ತು. ಜನ ಕೊಟ್ಟದ್ದನ್ನು ಹಾಳು ಮಾಡಿದೆವೆಂದು ಬಹಳ ನೋವಾಗಿದೆ. (ಓದುಗರು, ಹಾವೇರಿ)

ಉತ್ತರ: ಈ ನೋವನ್ನು ನಾವೂ ಉಂಡಿದ್ದೇವೆ. ನಮ್ಮ ಮೂರನೆಯ ವರ್ಷದಲ್ಲಿ, ಮೊರಕ್ಕೆ ಹಾಕಿ ಬಿಸಿಲಿಗೆ ಹಿಡಿದ ಅಕ್ಕಿಯಲ್ಲಿ ಎಳ್ಳಿಗಿಂತ ಸಣ್ಣ ಕಪ್ಪು ಹುಳುಗಳು ಅಂಚಿನತ್ತ ಓಡುವುದನ್ನು ನೋಡುತ್ತ ನಾಲ್ಕು ಮಂದಿ ಮಾತಿಲ್ಲದೆ ನಿಂತಿದ್ದೆವು. ಒಂದು ಕಾಳನ್ನು ಉಗುರಿನಿಂದ ಒತ್ತಿದರೆ ಒಳಗೆಲ್ಲ ಟೊಳ್ಳು. ಕೀಟ ಬಂದದ್ದು ನಮ್ಮ ಕೋಣೆಯಿಂದಲ್ಲ; ಯಾರದೋ ಮನೆಯ ಡಬ್ಬಿಯಿಂದ ತಂದು ಸುರಿದ ಎರಡು ಕಿಲೋ ಅಕ್ಕಿಯ ಜೊತೆಗೆ, ಕಾಳಿನೊಳಗಿನ ಮೊಟ್ಟೆಯಾಗಿ ಬಂದದ್ದು. ಅಂಗಡಿಯ ಸೀಲಿರುವ ಚೀಲವನ್ನೂ ಮನೆಯಿಂದ ಬಿಡಿಯಾಗಿ ಬಂದ ಕಾಳನ್ನೂ ಒಂದೇ ಮೂಟೆಗೆ ಎಂದೂ ಸುರಿಯಬಾರದು. ಬಿಡಿ ಕಾಳನ್ನು ಬಂದ ಹದಿನೈದು ದಿನಗಳಲ್ಲಿಯೇ ಕೊಟ್ಟುಬಿಡಬೇಕು. ಹಿಟ್ಟನ್ನಂತೂ ತೆಗೆದುಕೊಳ್ಳಲೇಬೇಡಿರಿ. ಜೋಳ ಕಾಳಾಗಿದ್ದಷ್ಟು ದಿನ ಬಾಳುತ್ತದೆ, ಬೀಸಿದ ಮೇಲೆ ಅದರ ಆಯುಷ್ಯ ವಾರಗಳ ಲೆಕ್ಕದ್ದು.

ಕರಿಮಣ್ಣಿನ ಸೀಮೆಯ ನಮ್ಮ ಹಿರಿಯರು ಹಗೇವು ತೋಡಿ, ಒಳಗೆಲ್ಲ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಪಾಡುತ್ತಿದ್ದರು. ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ, ಏಕೆಂದರೆ ಒಳಗಿನ ಗಾಳಿ ಮನುಷ್ಯನ ಉಸಿರು ಕಟ್ಟಿಸುವಂಥದು; ಕಾಳೂ ಕೀಟವೂ ಉಸಿರಾಡಿ ಆಮ್ಲಜನಕವನ್ನು ಮುಗಿಸಿರುತ್ತಿದ್ದವು, ಆ ಗಾಳಿಯಲ್ಲಿ ನುಸಿ ಬದುಕುತ್ತಿರಲಿಲ್ಲ. ಇಂದಿನ ಗಾಳಿಯಾಡದ ಡ್ರಮ್ಮುಗಳೂ ಪದರ ಚೀಲಗಳೂ ಮಾಡುವುದು ಇದೇ ಕೆಲಸವನ್ನು. ಚೆನ್ನಾಗಿ ಒಣಗಿಸಿದ ಕಾಳನ್ನು ಅಂಥ ಡ್ರಮ್ಮಿನಲ್ಲಿ ಕಂಠದವರೆಗೆ ತುಂಬಿ ಮುಚ್ಚಿದರೆ ಬೇಸಿಗೆಯವರೆಗೂ ಕೆಡುವುದಿಲ್ಲ.

ಇಷ್ಟಾದರೂ ನಾನು ಮುಖ್ಯವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ಹಬ್ಬದ ವಾರದಲ್ಲಿ ಹಂಚುವುದನ್ನು ಕಡಿಮೆ ಮಾಡಿರಿ. ದೀಪಾವಳಿಯಲ್ಲಿ ಬಡವರ ಮನೆಗೂ ಎಲ್ಲಿಂದಲೋ ಉಂಡಿ, ಚಕ್ಕಲಿ ಬರುತ್ತವೆ. ಕೊಡುವವರು ಅಂದು ಬಹಳ. ನಿಜವಾದ ಬರಗಾಲ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಹಿಂಗಾರಿ ಜೋಳದ ರಾಶಿ ಮುಗಿದಿರುತ್ತದೆ, ಮುಂಗಾರಿನ ಬಿತ್ತನೆ ಇನ್ನೂ ಆರಂಭವಾಗಿರುವುದಿಲ್ಲ, ಒಣಭೂಮಿಯ ಕೂಲಿಕಾರರಿಗೆ ಹೊಲದಲ್ಲಿ ಕೆಲಸವಿರುವುದಿಲ್ಲ. ಅದೇ ಹೊತ್ತಿಗೆ ಶಾಲೆಗೆ ಸೂಟಿ ಬಿದ್ದು ಮಕ್ಕಳ ಬಿಸಿಯೂಟವೂ ನಿಲ್ಲುತ್ತದೆ. ಮೂರು ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಮೂರು ಊಟ ಒಮ್ಮೆಲೇ ಹೆಚ್ಚಾದವೆಂದು ತಿಳಿಯಿರಿ. ಹಾಡು ದೀಪಾವಳಿಯಲ್ಲಿಯೇ ಆಗಲಿ, ಏಕೆಂದರೆ ಜನ ಸೇರುವುದೂ ಕೈ ಬಿಚ್ಚುವುದೂ ಆಗಲೇ. ಬಂದ ನಗದನ್ನು ಮಾತ್ರ ಬ್ಯಾಂಕಿನಲ್ಲಿಟ್ಟು, ಮಾರ್ಚ್ ಕೊನೆಯಿಂದ ತಿಂಗಳಿಗೊಮ್ಮೆ ಕಿರಾಣಿ ಸಗಟು ಅಂಗಡಿಯಲ್ಲಿ ಹೊಸ ಮಾಲು ಕೊಂಡು ಕೊಡಿರಿ. ನುಸಿಯ ಚಿಂತೆಯೂ ಅಲ್ಲಿಗೆ ಮುಗಿಯುತ್ತದೆ. ನಾವು ಈ ಕ್ರಮಕ್ಕೆ ಬರಲು ಏಳು ವರ್ಷ ಹಿಡಿಯಿತು.

ಪ್ರಶ್ನೆ: ನಾನು ತಬಲಾ ಸಾಥಿದಾರ. ಸಹಾಯಾರ್ಥ ಕಾರ್ಯಕ್ರಮವೆಂದು ಕರೆಯುತ್ತಾರೆ, ಬಿದಾಗಿ (ಸಂಭಾವನೆ) ಕೊಡುವುದಿಲ್ಲ. ಬಸ್ಸಿನ ಖರ್ಚು ಕೇಳಲೂ ನಾಚಿಕೆಯಾಗುತ್ತದೆ. ಮುಖ್ಯ ಗಾಯಕರು ಸೇವೆಯೆಂದು ಒಪ್ಪಿಕೊಂಡಿರುತ್ತಾರೆ, ನನ್ನನ್ನು ಯಾರೂ ಕೇಳಿರುವುದಿಲ್ಲ. ದಸರೆಯಿಂದ ಯುಗಾದಿಯವರೆಗಿನ ಕಾರ್ಯಕ್ರಮಗಳೇ ನನ್ನ ವರ್ಷದ ಗಳಿಕೆ. ಹಸಿದವರ ಹೆಸರಿನಲ್ಲಿ ಕರೆದಾಗ ಒಲ್ಲೆನೆನ್ನುವುದು ಹೇಗೆ? (ಓದುಗರು, ಗದಗ-ಬೆಟಗೇರಿ)

ಉತ್ತರ: ತಮ್ಮಾ, ನಿನ್ನ ಪತ್ರವನ್ನು ನಮ್ಮ ಮಂಡಳಿಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದೆ. 2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆ, ಕಚೇರಿ ಎಲ್ಲವೂ ನಿಂತಾಗ ನಮ್ಮ ಭಂಡಾರದ ಬಾಗಿಲಿಗೆ ಬಂದವರಲ್ಲಿ, ಅದಕ್ಕೂ ಮುಂಚಿನ ಹತ್ತು ದೀಪಾವಳಿಗಳಲ್ಲಿ ನಮಗಾಗಿ ಪುಕ್ಕಟೆಯಾಗಿ ಹಾರ್ಮೋನಿಯಂ ನುಡಿಸಿದ ಹಿರಿಯರೊಬ್ಬರೂ ಇದ್ದರು. ಸಾಲಿನಲ್ಲಿ ನಿಲ್ಲದೆ ಎದುರಿನ ಕಟ್ಟೆಯ ಮೇಲೆ ಕುಳಿತು, ಎಲ್ಲರೂ ಹೋದ ಮೇಲೆ ಬಂದು ಚೀಲ ಹಿಡಿದರು. ಹತ್ತು ವರ್ಷ ನಾವು ಅವರಿಂದ ದಾನ ಪಡೆಯುತ್ತಿದ್ದೇವೆಂಬುದು ಆವರೆಗೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದು ನಮ್ಮ ತಪ್ಪು.

ಅಂದಿನಿಂದ ನಮ್ಮ ಕಾರ್ಯಕ್ರಮದ ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲು ಸಾಥಿದಾರರ ಬಿದಾಗಿ, ಎರಡನೆಯದು ಮೈಕ್ ಸೆಟ್ಟಿನವರದು, ಮೂರನೆಯದು ಹೋಗಿಬರುವ ಖರ್ಚು. ಮುಖ್ಯ ಗಾಯಕರು ತಮ್ಮ ಬಿದಾಗಿಯನ್ನು ಬಿಡಬಹುದು, ಅದು ಅವರ ಇಷ್ಟ; ಪಕ್ಕದಲ್ಲಿ ಕುಳಿತವರದನ್ನು ಬಿಡುವ ಅಧಿಕಾರ ಅವರಿಗಿಲ್ಲ. ಪ್ರತಿಯೊಬ್ಬ ಕಲಾವಿದರನ್ನೂ ಬೇರೆಬೇರೆಯಾಗಿ ಕಂಡು ಕೇಳಬೇಕಾದದ್ದು ಏರ್ಪಡಿಸುವವರ ಕರ್ತವ್ಯ. ಕರೆ ಬಂದಾಗ ನೀನು ಒಲ್ಲೆನೆನ್ನಬೇಕಾಗಿಲ್ಲ, "ನನ್ನ ಬಿದಾಗಿ ಇಷ್ಟು, ಸಹಾಯಾರ್ಥವಾದ್ದರಿಂದ ಇಷ್ಟಕ್ಕೆ ಬರುತ್ತೇನೆ" ಎಂದು ಮೊದಲ ಮಾತಿನಲ್ಲಿಯೇ ಹೇಳಿಬಿಡು. ತಬಲಾದ ಚರ್ಮ ಬದಲಿಸಲು ದುಡ್ಡು ಬೇಕೆಂಬುದು ಅಡಿಗೆಗೆ ಎಣ್ಣೆ ಬೇಕೆಂಬಷ್ಟೇ ನೇರವಾದ ಮಾತು, ಅದರಲ್ಲಿ ನಾಚಿಕೆಯೇನಿಲ್ಲ. ಕೊಡಲು ನಿನಗೆ ಮನಸ್ಸಾದರೆ ಹಣವನ್ನು ಮೊದಲು ಕೈಗೆ ತೆಗೆದುಕೊಂಡು, ಅದರಲ್ಲಿ ಎಷ್ಟು ತಿಳಿಯುತ್ತದೋ ಅಷ್ಟನ್ನು ನಿನ್ನ ಹೆಸರಿನಿಂದ ಕೊಟ್ಟು ಪಾವತಿ ಬರೆಸಿಕೋ. ದಾನಿಗಳ ಯಾದಿಯಲ್ಲಿ ನಿನ್ನ ಹೆಸರೂ ಬರಲಿ.

ಪ್ರಶ್ನೆ: ನಾವು ಮೊದಲ ಸಲ ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡಲಿದ್ದೇವೆ. ಹಣದ ಲೆಕ್ಕ ಹೇಗಿರಬೇಕು? ಕಾಳು ಕೊಟ್ಟವರೂ ತೆರಿಗೆ ರಿಯಾಯಿತಿ ಕೇಳುತ್ತಿದ್ದಾರೆ. (ಓದುಗರು, ಮಾಳಮಡ್ಡಿ, ಧಾರವಾಡ)

ಉತ್ತರ: 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಂಡಿತ ರವಿಶಂಕರ ಮತ್ತು ಜಾರ್ಜ್ ಹ್ಯಾರಿಸನ್ ಬಾಂಗ್ಲಾ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಕಚೇರಿಗಳನ್ನು ನಡೆಸಿದರು. ಅಲಿ ಅಕ್ಬರ್ ಖಾನರ ಸರೋದ್, ಅಲ್ಲಾರಖಾ ಅವರ ತಬಲಾ ಅಂದು ರವಿಶಂಕರರೊಡನೆ ಇದ್ದವು. ಟಿಕೆಟಿನಿಂದ ಬಂದ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್ ಸಂಸ್ಥೆಗೆ ಸೇರಿತು. ಆದರೆ ಆಮೇಲೆ ಧ್ವನಿಮುದ್ರಿಕೆ, ಚಿತ್ರಗಳಿಂದ ಬಂದ ಇನ್ನೂ ದೊಡ್ಡ ಮೊತ್ತ ಅಮೆರಿಕದ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತು. ದತ್ತಿ ಕಾರ್ಯವೆಂಬ ತೆರಿಗೆ ವಿನಾಯಿತಿಯನ್ನು ಮೊದಲೇ ಪಡೆದುಕೊಳ್ಳದೆ ಇದ್ದದ್ದೇ ಅದಕ್ಕೆ ಕಾರಣ. ಅಷ್ಟು ದೊಡ್ಡವರಿಗೇ ಹಾಗಾಯಿತೆಂದ ಮೇಲೆ ನಾವು ಕಾಗದಪತ್ರಗಳನ್ನು ಕಾರ್ಯಕ್ರಮಕ್ಕೆ ಮೊದಲೇ ಸರಿಪಡಿಸಿಕೊಳ್ಳಬೇಕು. ನೋಂದಾಯಿತ ಸಂಘದ ಹೆಸರಿನ ಖಾತೆಗೇ ಹಣ ಬರಲಿ, ಯಾರೊಬ್ಬರ ಸ್ವಂತ ಫೋನ್‌ಪೇ ಸಂಖ್ಯೆಗೂ ಬರಬಾರದು. ತೆಗೆಯಲು ಇಬ್ಬರ ಸಹಿ ಕಡ್ಡಾಯವಿರಲಿ.

ಜನ 80ಜಿ ಎಂದು ಕರೆಯುವ ರಿಯಾಯಿತಿ, ಸಂಘಕ್ಕೆ ಆ ಮಾನ್ಯತೆ ಇದ್ದಾಗ ಮಾತ್ರ, ಹಣದ ರೂಪದ ದಾನಕ್ಕೆ ಸಿಗುತ್ತದೆ. ಕಾಳು, ಬೇಳೆ, ಎಣ್ಣೆಯಾಗಿ ಕೊಟ್ಟದ್ದಕ್ಕೆ ಸಿಗುವುದಿಲ್ಲ. ನಗದಾಗಿ 2,000 ರೂಪಾಯಿ ಮೀರಿದ ದಾನಕ್ಕೂ ಸಿಗುವುದಿಲ್ಲ, ಅಂಥವರು ಚೆಕ್ಕಿನ ಮೂಲಕವೋ ಯುಪಿಐ ಮೂಲಕವೋ ಕೊಡಲಿ. ಇದನ್ನು ದಾನಿಗಳಿಗೆ ಮೊದಲೇ ತಿಳಿಸಿದರೆ ಆಮೇಲೆ ಮುನಿಸು ಹುಟ್ಟುವುದಿಲ್ಲ. ಮತ್ತೊಂದು: ಕಾರ್ಯಕ್ರಮದ ಲೆಕ್ಕವನ್ನು ಹದಿನೈದು ದಿನಗಳೊಳಗೆ ಸಭಾಗೃಹದ ಬಾಗಿಲಲ್ಲಿ ಅಂಟಿಸಿರಿ. ಹೂವಿನ ಹಾರಕ್ಕೆ ಎಷ್ಟು, ಬೇಳೆಗೆ ಎಷ್ಟು ಎಂದು ಜನ ಓದಲಿ. ಹಾರ-ಶಾಲುಗಳ ಖರ್ಚು ತಾನಾಗಿಯೇ ಇಳಿಯುವುದನ್ನು ನಾವು ಕಂಡಿದ್ದೇವೆ.

ಪ್ರಶ್ನೆ: ಬಯಲಿನಲ್ಲಿ ಅಹೋರಾತ್ರಿ ಭಜನೆ ಇಟ್ಟು ನೆರವು ಕೂಡಿಸಬಹುದೇ? (ಓದುಗರು, ರಾಣೆಬೆನ್ನೂರು)

ಉತ್ತರ: 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ, ಹಬ್ಬ-ಉತ್ಸವಗಳಿಗಾಗಿ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದಕ್ಕಿಂತ ಮುಂದಕ್ಕಿಲ್ಲ. ಮುಚ್ಚಿದ ಸಭಾಗೃಹದೊಳಗೆ, ಶಬ್ದ ಹೊರಗೆ ಹೋಗದಂತೆ ನಡೆಸಬಹುದು. ಮೈಕಿಲ್ಲದೆ ತಾಳ, ದಪ್ಪು, ಏಕತಾರಿಗಳ ಮೇಲೆಯೇ ಬೆಳಗು ಮಾಡುವ ಮಂಡಳಿಗಳು ನಮ್ಮ ಹಳ್ಳಿಗಳಲ್ಲಿವೆ. ಅಂಥವರನ್ನು ಗುಡಿಯೊಳಗೆ ಕೂಡಿಸುವುದಾದರೆ ಈ ತೊಡಕೇ ಇಲ್ಲ.

ಪ್ರಶ್ನೆ: ಕಚೇರಿಯ ನಡುವೆ ವೇದಿಕೆಯ ಮೇಲೆ ಅತಿಥಿಗಳ ಕೈಯಿಂದ ಬಡವರಿಗೆ ಕಿಟ್ ಕೊಡಿಸಬೇಕೆಂದು ನಮ್ಮ ಕೆಲವು ಸದಸ್ಯರ ಹಟ. ಹಾಗೆ ಮಾಡಿದರೆ ದಾನಿಗಳಿಗೆ ನಂಬಿಕೆ ಬರುತ್ತದೆ ಎನ್ನುತ್ತಾರೆ. ನನಗೇಕೋ ಮನಸ್ಸು ಒಪ್ಪುತ್ತಿಲ್ಲ. (ಓದುಗರು, ಶಿಗ್ಗಾವಿ)

ಉತ್ತರ: ತಮ್ಮ ಮನಸ್ಸು ಹೇಳುವುದೇ ಸರಿ, ಹಟಕ್ಕೆ ಮಣಿಯಬೇಡಿರಿ. ನಮ್ಮಲ್ಲಿಯೂ ಒಂದು ವರ್ಷ ಹೀಗೆ ಆಯಿತು. ವೇದಿಕೆಗೆ ಕರೆದ ಹೆಣ್ಣುಮಗಳೊಬ್ಬಳು ಫೋಟೊ ತೆಗೆಯುವಾಗ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಛಾಯಾಗ್ರಾಹಕರು ಸೆರಗು ಸರಿಸಿರೆಂದು ಎರಡು ಸಲ ಹೇಳಿದರು. ಆಕೆಯ ಮಗ ನಮ್ಮ ಓಣಿಯ ಶಾಲೆಯಲ್ಲಿಯೇ ಆರನೆಯ ಇಯತ್ತೆಯಲ್ಲಿದ್ದ, ಅವನ ಗೆಳೆಯರು ಕೆಳಗೆ ಕುಳಿತಿದ್ದರು. ಮುಂದಿನ ತಿಂಗಳು ಆಕೆ ಭಂಡಾರಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ.

ದಾನಿಗಳಿಗೆ ನಂಬಿಕೆ ಬೇಕಾದರೆ ತೂಕದ ಚೀಟಿ, ಖರೀದಿಯ ಬಿಲ್ಲು, ಎಷ್ಟು ಮನೆಗೆ ಎಷ್ಟು ಕಿಲೋ ಎಂಬ ಲೆಕ್ಕ ಇವುಗಳನ್ನು ತೋರಿಸಿರಿ, ಮುಖಗಳನ್ನು ತೋರಿಸಬೇಡಿರಿ. ಸಾಮಾನು ಪಡೆಯುವವರ ಯಾದಿ ಇಬ್ಬರ ಬಳಿ ಮಾತ್ರ ಇರಲಿ. ಕಚೇರಿಗೆ ಆ ಮನೆಗಳವರನ್ನೂ ಎಲ್ಲರಿಗೆ ಕಳಿಸುವಂಥದೇ ಆಮಂತ್ರಣ ಪತ್ರಿಕೆ ಕಳಿಸಿ ಕರೆಯಿರಿ. ಬಾಗಿಲಲ್ಲಿ ಬೇಳೆ ತಂದವರನ್ನೂ ಬರಿಗೈಯಲ್ಲಿ ಬಂದವರನ್ನೂ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸಬಾರದು. ಪದಾರ್ಥ ಹಾಕುವ ಬುಟ್ಟಿಯನ್ನು ಬಾಗಿಲಿನಿಂದ ಸ್ವಲ್ಪ ದೂರ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಇಟ್ಟರೆ ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಶ್ನೆ: ನಾನು ಹಿಂದುಸ್ತಾನಿ ಗಾಯನದ ವಿದ್ಯಾರ್ಥಿನಿ. ಸಂಜೆ 6 ಗಂಟೆಯ ಸಹಾಯಾರ್ಥ ಕಾರ್ಯಕ್ರಮದಲ್ಲಿ ನನಗೆ 15 ನಿಮಿಷ ಕೊಟ್ಟಿದ್ದಾರೆ. ಹಸಿವು, ಕರುಣೆಯ ಬಗೆಗಿನ ರಚನೆಗಳನ್ನೇ ಹಾಡಬೇಕೇ? (ಓದುಗರು, ಸಪ್ತಾಪುರ, ಧಾರವಾಡ)

ಉತ್ತರ: ಹಾಗೇನೂ ಇಲ್ಲಮ್ಮ. ಗುರುಗಳು ನಿನಗೆ ಚೆನ್ನಾಗಿ ಕಲಿಸಿದ್ದನ್ನೇ ಹಾಡು. ಕೇಳಲು ಬಂದವರು ತೃಪ್ತರಾಗಿ ಹೋದರೆ ಮುಂದಿನ ವರ್ಷವೂ ಬರುತ್ತಾರೆ, ಭಂಡಾರಕ್ಕೆ ಬೇಕಾದದ್ದು ಅದು. 15 ನಿಮಿಷಕ್ಕೆ ನಿಧಾನ ಲಯದ ವಿಲಂಬಿತ ಖ್ಯಾಲ್ ಹಿಡಿದರೆ ರಾಗ ಅರಳುವ ಮೊದಲೇ ಗಂಟೆ ಬಾರಿಸುತ್ತಾರೆ. ಯಮನ ರಾಗದಲ್ಲಿ ಮಧ್ಯಲಯದ ಒಂದು ಬಂದಿಶ್ (ರಚನೆ) ಹತ್ತು ನಿಮಿಷ ಹಾಡಿ, ಒಂದು ವಚನವನ್ನೋ ದಾಸರ ಪದವನ್ನೋ ಜೋಡಿಸಿದರೆ ಅಳತೆಗೆ ಸರಿಹೋಗುತ್ತದೆ. ಶರಣರ, ದಾಸರ ರಚನೆಗಳಿಗೆ ಯಾರ ಅನುಮತಿಯೂ ಬೇಕಿಲ್ಲ. ಇತ್ತೀಚಿನ ಕವಿಗಳ ಭಾವಗೀತೆಗಳ ಮಾತು ಬೇರೆ. ಕವಿ ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1981ರಲ್ಲಿ ತೀರಿಕೊಂಡ ನಮ್ಮ ಬೇಂದ್ರೆಯವರ ಕವಿತೆಗಳಿಗೆ ಅದು 2041ರ ಕೊನೆಯವರೆಗೆ ಇದೆ. ಟಿಕೆಟ್ ಇರುವ ಕಾರ್ಯಕ್ರಮವಾದರೆ ಹಕ್ಕುಳ್ಳವರಿಂದ ಒಪ್ಪಿಗೆ ಪಡೆಯುವಂತೆ ಏರ್ಪಡಿಸುವವರಿಗೆ ಈಗಲೇ ತಿಳಿಸು.

ತಂಬೂರಿಯನ್ನು ವೇದಿಕೆಗೆ ಹೋಗುವ ಮೊದಲೇ ಒಳಗೆ ಶ್ರುತಿ ಮಾಡಿಕೊಂಡಿರು, ನಿನ್ನ ಸಮಯದಲ್ಲಿ ಮೂರು ನಿಮಿಷ ಉಳಿಯುತ್ತದೆ. ಕೊಟ್ಟ ಹೊತ್ತಿಗೆ ಮುಗಿಸುವುದೂ ಮುಖ್ಯ, ಏಕೆಂದರೆ ನಿನ್ನ ಮುಂದೆ ಕುಳಿತವರಲ್ಲಿ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಹಿಡಿಯಬೇಕಾದವರೂ ಇರುತ್ತಾರೆ.